ಹಳೇ ಸ್ವಿಂಗು, ಈಗಿನ ಮೈ

ವರ್ಷಗಟ್ಟಲೆ ಬಿಟ್ಟು ಮತ್ತೆ ಗಾಲ್ಫ್ ಹಿಡಿಯುವವರಿಗೆ ಮೊದಲ ದಿನವೇ ಮೋಸ ಮಾಡುತ್ತದೆ. ಅಟ್ಟದ ಮೇಲಿದ್ದ ಚೀಲ ಇಳಿಸಿ, ದೂಳು ಕೊಡವಿ, ಡ್ರೈವಿಂಗ್ ರೇಂಜಿಗೆ ಹೋಗಿ ಒಂದು ಬುಟ್ಟಿ ಚೆಂಡು ತಗೊಂಡು ನಿಂತರೆ ಹತ್ತರಲ್ಲಿ ಆರೇಳು ನೆಟ್ಟಗೆ ಹಾರಿಬಿಡುತ್ತವೆ. ‘ಪರವಾಗಿಲ್ಲ, ಕೈ ಮರೆತಿಲ್ಲ’ ಎಂದು ಮನೆಗೆ ಬಂದು ಹೇಳಿಕೊಂಡಾಗುತ್ತದೆ. ಮುಂದಿನ ಭಾನುವಾರ ಹಳೇ ಗೆಳೆಯರ ಜೊತೆ ಕೋರ್ಸಿಗೆ ಇಳಿದಾಗ ನಿಜಸ್ಥಿತಿ ಗೊತ್ತಾಗುವುದು. ಮೊದಲ ಹೊಡೆತ ನೆಲ ಸವರಿಕೊಂಡು ಐವತ್ತು ಗಜ ಉರುಳುತ್ತದೆ, ಎರಡನೆಯದು ಮರಗಳ ಸಂದಿಗೆ ನುಗ್ಗುತ್ತದೆ. ಗ್ರೀನ್ ಪಕ್ಕದಿಂದ ಮೆಲ್ಲಗೆ ಎತ್ತಿ ಹಾಕಬೇಕಾದ ಚೆಂಡು ಗ್ರೀನ್ ದಾಟಿ ಆಚೆ ಬದಿಯ ಬಂಕರಿನಲ್ಲಿ ಕೂರುತ್ತದೆ. ರಾತ್ರಿ ಯೂಟ್ಯೂಬ್ ತೆರೆದರೆ ಒಬ್ಬ ಮೊಣಕೈ ಮಡಿಸಬೇಡಿ ಅನ್ನುತ್ತಾನೆ, ಇನ್ನೊಬ್ಬ ಮಣಿಕಟ್ಟು ತಿರುಗಿಸಿ ಅನ್ನುತ್ತಾನೆ. ವಾರ ಕಳೆಯುವಷ್ಟರಲ್ಲಿ ಇದ್ದ ಸ್ವಿಂಗೂ ಹೋಗಿರುತ್ತದೆ.

ನಮ್ಮಲ್ಲಿ ಹೀಗೆ ಮರಳಿ ಬರುವವರು ಕಡಿಮೆಯೇನಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ದೇಶದಲ್ಲಿ ಅದಕ್ಕಿಂತ ಹಳೆಯವು ಬೆರಳೆಣಿಕೆಯಷ್ಟು. 1829ರ ಕಲ್ಕತ್ತಾದ ರಾಯಲ್ ಕ್ಲಬ್ಬಂತೂ ಬ್ರಿಟಿಷ್ ದ್ವೀಪಗಳ ಹೊರಗೆ ಎಲ್ಲಕ್ಕಿಂತ ಹಿರಿಯದು. ಆಮೇಲೆ ಹಳೇ ವಿಮಾನ ನಿಲ್ದಾಣದ ರಸ್ತೆಯ ಬಳಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಬಂತು, ಬಿಡದಿಯಲ್ಲಿ ಈಗಲ್‌ಟನ್ ಬಂತು, ನಂದಿಬೆಟ್ಟದ ಬುಡದಲ್ಲೂ ಕೋರ್ಸ್ ಆಯಿತು. ಮೈಸೂರಿನಲ್ಲಿ, ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಮೊದಲಿಂದಲೂ ಆಡುವವರಿದ್ದಾರೆ. ಸೈನ್ಯದಲ್ಲೋ ಎಸ್ಟೇಟಿನಲ್ಲೋ ಕಂಪನಿಯಲ್ಲೋ ಇದ್ದಾಗ ಮೂವತ್ತರ ಆಸುಪಾಸಿನಲ್ಲಿ ಕಲಿತು, ಮಕ್ಕಳ ಓದು, ವರ್ಗಾವಣೆ, ಊರಿನ ಟ್ರಾಫಿಕ್ಕು ಎಂದು ಬಿಟ್ಟು, ಐವತ್ತು ದಾಟಿದ ಮೇಲೆ ಮತ್ತೆ ಬರುವವರು ಇವರು. ಹೊಸದಾಗಿ ಕಲಿಯುವವರಿಗಿಲ್ಲದ ಒಂದು ತೊಂದರೆ ಇವರಿಗಿದೆ: ತಾನು ಹಿಂದೆ ಹೇಗೆ ಆಡುತ್ತಿದ್ದೆ ಅನ್ನುವುದು ಚೆನ್ನಾಗಿ ನೆನಪಿರುತ್ತದೆ. ಅದರಲ್ಲೂ ಚೆನ್ನಾಗಿ ಆಡಿದ ದಿನಗಳು ಮಾತ್ರ. ಹಾಗಾಗಿ ಇವರು ಆಟ ಸುಧಾರಿಸಿಕೊಳ್ಳಲು ಹೊರಡುವುದೇ ಇಲ್ಲ, ಕಳೆದುಹೋದ ಸ್ವಿಂಗನ್ನು ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಎಡವುವುದು ಇಲ್ಲೇ. ಈಗ ಹೊಡೆತಗಳು ಎಲ್ಲಿ ಸೋರಿಹೋಗುತ್ತಿವೆ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ದೊಡ್ಡ ಚಲನೆಗಳನ್ನು ಮೈ ಸುಲಭಕ್ಕೆ ಮರೆಯುವುದಿಲ್ಲ. ಈಜು ಕಲಿತವರು ಇಪ್ಪತ್ತು ವರ್ಷದ ಮೇಲೆ ನೀರಿಗಿಳಿದರೂ ಮುಳುಗುವುದಿಲ್ಲವಲ್ಲ. ಪೂರ್ತಿ ಸ್ವಿಂಗ್ ಆ ಜಾತಿಯದು, ಮೊದಲ ದಿನದ ಚೆಂಡುಗಳು ಹಾರುವುದು ಅದಕ್ಕೇ. ಮರೆತುಹೋಗುವುದು ಅಂದಾಜು. ಇಪ್ಪತ್ತು ಗಜದಾಚೆ ಚೆಂಡನ್ನು ಬೀಳಿಸಲು ಕ್ಲಬ್ಬನ್ನು ಎಷ್ಟು ಹಿಂದಕ್ಕೆ ಒಯ್ಯಬೇಕು, ಏರು ಗ್ರೀನಿನಲ್ಲಿ ಮೂವತ್ತು ಅಡಿಯ ಪಟ್‌ಗೆ ಎಷ್ಟು ಜೋರು ಬೇಕು ಅನ್ನುವ ಲೆಕ್ಕ ದಿನಾ ತಿದ್ದಿಕೊಳ್ಳುತ್ತಿದ್ದರೆ ಮಾತ್ರ ಕೈಯಲ್ಲಿ ನಿಲ್ಲುತ್ತದೆ. ಟೈಗರ್ ವುಡ್ಸ್‌ನಂಥವನಿಗೂ ಇದರಿಂದ ರಿಯಾಯಿತಿ ಸಿಗಲಿಲ್ಲ. ಬೆನ್ನಿನ ತೊಂದರೆಯಿಂದ ಬಿಡುವು ತಗೊಂಡು 2015ರ ಜನವರಿಯಲ್ಲಿ ಫೀನಿಕ್ಸ್‌ನಲ್ಲಿ ಆಡಲು ಬಂದವನು ಎರಡನೇ ದಿನ 82 ಹೊಡೆದ. ವೃತ್ತಿಪರನಾಗಿ ಅಲ್ಲಿಯವರೆಗೆ ಅವನು ಆಡಿದ ಅತಿ ಕೆಟ್ಟ ಸುತ್ತು ಅದು. ಜನ ಬೆರಗಾಗಿ ನೋಡಿದ್ದು ಅವನ ಡ್ರೈವನ್ನಲ್ಲ, ಗ್ರೀನ್ ಪಕ್ಕದ ಚಿಪ್‌ಗಳನ್ನು. ಒಂದು ಸಲ ನೆಲಕ್ಕೆ ಗುದ್ದಿದರೆ ಇನ್ನೊಂದು ಸಲ ಚೆಂಡಿನ ನಡುವಿಗೇ ಏಟು ಬೀಳುತ್ತಿತ್ತು. ಹವ್ಯಾಸಿಗಳಿಗೆ ದಿನವೂ ಆಗುವುದು ಅಂದು ಅವನಿಗೂ ಆಯಿತು.

ಇದಕ್ಕೆ ಒಂದು ಉಪಾಯ ಇದೆ, ಕೋಚ್‌ಗಳೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಮೊದಲ ಕೆಲವು ತಿಂಗಳು ಗ್ರೀನ್ ಸುತ್ತಮುತ್ತ ಚೆಂಡನ್ನು ಗಾಳಿಗೆ ಎತ್ತುವ ಗೋಜಿಗೇ ಹೋಗಬಾರದು. ಅಂಚಿನ ಹುಲ್ಲು ಗಿಡ್ಡಗಿದ್ದರೆ ಪಟ್ಟರಿನಲ್ಲೇ ಉರುಳಿಸಬಹುದು. ಇಲ್ಲವಾದರೆ ಎಂಟನೇ ಐರನ್ ಹಿಡಿದು ಪಟ್ ಮಾಡುವ ಹಾಗೇ ತಳ್ಳಿದರೆ ಚೆಂಡು ಸ್ವಲ್ಪ ಹಾರಿ ಉಳಿದ ದೂರ ಓಡಿಕೊಂಡು ಹೋಗುತ್ತದೆ. ನೋಡಲು ಅಂದವಿಲ್ಲ, ಜೊತೆಯವರು ನಗುತ್ತಾರೆ. ಆದರೆ ಇದರಲ್ಲಿ ತೀರಾ ಕೆಟ್ಟ ಹೊಡೆತ ಅಂದರೂ ಚೆಂಡು ಗ್ರೀನ್ ಮೇಲೆಯೇ ಇರುತ್ತದೆ.

ಇನ್ನು ನೆಲ ಸವರಿಕೊಂಡು ಹೋಗುವ ಚೆಂಡಿನ ಮಾತು. ನಮ್ಮ ಯಾವ ಕೋರ್ಸಿನಲ್ಲಾದರೂ ಇದಕ್ಕೆ ಒಂದೇ ರೋಗನಿರ್ಣಯ.

‘ತಲೆ ಎತ್ತಿದ್ರಿ ಸಾರ್.’

ಕ್ಯಾಡಿ ಹೇಳದಿದ್ದರೆ ಗೆಳೆಯರು ಹೇಳುತ್ತಾರೆ. ಆಡುವವರು ತಲೆಯನ್ನು ಇನ್ನಷ್ಟು ಬಿಗಿಯಾಗಿ ಕೆಳಗೆ ಒತ್ತಿ ಹಿಡಿದು ಹೊಡೆಯುತ್ತಾರೆ, ಚೆಂಡು ಮತ್ತೆ ಉರುಳುತ್ತದೆ. ನಿಜ ಬೇರೆಯೇ ಇದೆ. ಕ್ಲಬ್ಬಿನ ತಲೆ ವೃತ್ತದ ಒಂದು ತುಂಡಿನಂತೆ ಕೆಳಗಿಳಿದು ಮೇಲೇಳುತ್ತದೆ. ಆ ವೃತ್ತದ ಅತಿ ಕೆಳಗಿನ ಬಿಂದು ಎಲ್ಲಿದೆ ಅನ್ನುವುದೇ ಪ್ರಶ್ನೆ. ಒಳ್ಳೆಯ ಆಟಗಾರರು ಐರನ್ ಹೊಡೆದಾಗ ಅದು ಚೆಂಡಿನ ಮುಂದೆ, ಗುರಿಯ ಕಡೆಗೆ ಮೂರು ನಾಲ್ಕು ಇಂಚು ಆಚೆ ಇರುತ್ತದೆ. ಕ್ಲಬ್ಬು ಇನ್ನೂ ಇಳಿಯುತ್ತಿರುವಾಗಲೇ ಚೆಂಡು ಸಿಗುತ್ತದೆ, ಮಣ್ಣು ಏಳುವುದು ಆಮೇಲೆ. ಮರಳಿ ಬಂದವರಲ್ಲಿ ಸೊಂಟವೂ ಬೆನ್ನಿನ ಮೇಲ್ಭಾಗವೂ ಮೊದಲಿನಷ್ಟು ತಿರುಗುವುದಿಲ್ಲ, ಭಾರ ಹಿಂಗಾಲ ಮೇಲೆಯೇ ಉಳಿದುಬಿಡುತ್ತದೆ. ಆಗ ಕೆಳಬಿಂದು ಚೆಂಡಿನ ಹಿಂದಕ್ಕೆ ಸರಿಯುತ್ತದೆ. ಕ್ಲಬ್ಬು ಮೊದಲು ನೆಲಕ್ಕೆ ಬಡಿದರೆ ಚೆಂಡು ಅಲ್ಲೇ ಹತ್ತಿರ ಬೀಳುತ್ತದೆ. ನೆಲ ಮುಟ್ಟದೆ ಮೇಲೇಳುತ್ತಾ ಬಂದರೆ ಚೆಂಡಿನ ಮೇಲರ್ಧಕ್ಕೆ ತಗುಲಿ ಉರುಳಿಸುತ್ತದೆ. ತಲೆ ಒತ್ತಿ ಹಿಡಿದಷ್ಟೂ ಮೈ ತಿರುಗುವುದು ಇನ್ನೂ ಕಡಿಮೆಯಾಗುತ್ತದೆ. ಒಂದಕ್ಕೊಂದು ಬೇರೆ ಅನ್ನಿಸುವ ಈ ಎರಡು ಕೆಟ್ಟ ಹೊಡೆತಗಳ ಮೂಲ ಒಂದೇ.

ಇದನ್ನು ಕಣ್ಣಾರೆ ನೋಡಲು ಕ್ಯಾಮೆರಾ ಬೇಕಿಲ್ಲ. ಹುಲ್ಲಿನ ಮೇಲೆ ಸುಣ್ಣದಲ್ಲೋ ಪೌಡರಿನಲ್ಲೋ ಒಂದು ಗೆರೆ ಎಳೆದು, ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಏಳನೇ ಐರನ್ ಬೀಸಬೇಕು. ಮಣ್ಣು ಎಲ್ಲಿ ಕಿತ್ತಿದೆ ನೋಡಬೇಕು. ಗೆರೆಯ ಮೇಲಿಂದ ಶುರುವಾಗಿ ಮುಂದಕ್ಕೆ ಹೋಗಿದ್ದರೆ ಸರಿ. ಹಿಂದಿದ್ದರೆ ಕಾರಣ ಕಣ್ಣೆದುರಿಗೇ ಇದೆ. ಗೆರೆಯ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಾ ಹತ್ತಿಪ್ಪತ್ತು ಸಲ ಬೀಸಿದರೆ, ಎಡಗಾಲಿನ ಮೇಲೆ ಭಾರ ಬಂದಾಗ ಗುರುತು ಮುಂದಕ್ಕೆ ಸರಿಯುವುದು ತಾನಾಗಿ ಗೊತ್ತಾಗುತ್ತದೆ. ಎಡಗೈಯವರು ಬಲಗಾಲು ಎಂದು ಓದಿಕೊಳ್ಳಿ.

ಗೆರೆಯ ಅಭ್ಯಾಸ ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ತಮ್ಮ ಜೊತೆಗಾರರೊಂದಿಗೆ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಗಾಲ್ಫಿನದೇ. ಕಲಿಯುವವರಲ್ಲಿ ಒಂದು ಗುಂಪಿಗೆ ತೋಳಿನ ಚಲನೆಯ ಕಡೆ ಗಮನ ಕೊಡಿ ಎಂದರು, ಇನ್ನೊಂದಕ್ಕೆ ಕ್ಲಬ್ಬಿನ ಚಲನೆಯ ಕಡೆ. ಕ್ಲಬ್ಬಿನ ಕಡೆ ಗಮನ ಕೊಟ್ಟವರು ಗುರಿಗೆ ಹೆಚ್ಚು ಹತ್ತಿರ ಹೊಡೆದರು. ಆಮೇಲೆ ಬೇರೆ ಬೇರೆ ಆಟಗಳಲ್ಲೂ ಇಂಥದೇ ಫಲಿತಾಂಶ ಬಂದಿದೆ. ಮೊಣಕೈ, ಮಣಿಕಟ್ಟು, ಭುಜ ಎಂದು ಒಳಗೆ ನೋಡುತ್ತಾ ಹೊಡೆದರೆ ಮೈ ಗಡುಸಾಗುತ್ತದೆ. ಹೊರಗಿನ ಒಂದು ಗೆರೆಗೋ ಹುಲ್ಲಿನ ಎಸಳಿಗೋ ಹೊಡೆಯಲು ಹೊರಟರೆ ಉಳಿದದ್ದನ್ನು ಮೈ ತಾನೇ ಹೊಂದಿಸಿಕೊಳ್ಳುತ್ತದೆ. ರಾತ್ರಿ ನೋಡಿದ ಆ ವಿಡಿಯೊಗಳು ಬೆಳಿಗ್ಗೆ ಯಾಕೆ ಕೈ ಕೊಡುತ್ತವೆ ಅನ್ನುವುದಕ್ಕೆ ಇದೂ ಒಂದು ಉತ್ತರ.

ಸಾಮಾನಿನ ವಿಷಯಕ್ಕೆ ಬಂದರೆ, ಮೊದಲು ನೋಡಬೇಕಾದದ್ದು ಗ್ರಿಪ್. ಹತ್ತು ವರ್ಷ ಅಟ್ಟದಲ್ಲಿದ್ದ ರಬ್ಬರ್ ಗಾಜಿನಂತೆ ನುಣುಪಾಗಿ, ಗಟ್ಟಿಯಾಗಿರುತ್ತದೆ. ಜಾರದಿರಲೆಂದು ಕೈ ತನ್ನಷ್ಟಕ್ಕೇ ಬಿಗಿ ಹಿಡಿಯುತ್ತದೆ, ಬಿಗಿ ಹಿಡಿದ ಕೈ ಮೊಣಕೈವರೆಗೂ ಬಿಗಿಯುತ್ತದೆ. ಹೊಸ ಸೆಟ್ ಕೊಳ್ಳುವ ಮುಂಚೆ ಹಳೆಯದಕ್ಕೆ ಹೊಸ ಗ್ರಿಪ್ ಹಾಕಿಸಿ ನೋಡುವುದು ಜಾಣತನ. ಖರ್ಚೂ ಹೋಲಿಸುವ ಹಾಗಿಲ್ಲ. ಹೊಸ ಸೆಟ್ ಕೊಂಡವರು ‘ಏಳನೇ ಐರನ್ ಇಪ್ಪತ್ತು ಗಜ ಜಾಸ್ತಿ ಹೋಗ್ತಿದೆ’ ಎಂದು ಹಿಗ್ಗುವುದನ್ನು ಕೇಳಿರುತ್ತೀರಿ. ಅದರಲ್ಲಿ ಕಂಪನಿಗಳ ಒಂದು ಕೈಚಳಕ ಇದೆ. 1980ರ ದಶಕದ ಏಳನೇ ಐರನ್ನಿನ ಮುಖ 35 ಡಿಗ್ರಿಗೂ ಹೆಚ್ಚು ವಾಲಿರುತ್ತಿತ್ತು. ಹವ್ಯಾಸಿಗಳಿಗೆಂದೇ ಮಾಡುವ ಈಗಿನ ಎಷ್ಟೋ ಸೆಟ್ಟುಗಳಲ್ಲಿ ಅದು 30ಕ್ಕಿಂತ ಕಡಿಮೆ. ಅಂದರೆ ಮೇಲೆ ಏಳು ಎಂದು ಬರೆದಿದ್ದರೂ ಹೆಚ್ಚುಕಡಿಮೆ ಹಳೇ ಐದನೇ ಐರನ್ ಅದು. ಚೆಂಡಿನ ಎತ್ತರ ಕಾಪಾಡಲು ತಲೆಯ ಭಾರ ಕೆಳಗಿಳಿಸಿ ಮಾಡಿರುತ್ತಾರೆ ಅನ್ನುವುದೂ ನಿಜ, ಹಾಗಾಗಿ ಪೂರ್ತಿ ಮೋಸ ಅನ್ನುವಂತಿಲ್ಲ. ನಂಬರ್ ನೋಡಿ ಹೆಮ್ಮೆಪಡುವುದು ಮಾತ್ರ ವ್ಯರ್ಥ.

ಆ ಹೆಮ್ಮೆ ಕೋರ್ಸಿನಲ್ಲಿ ಹೇಗೆ ದುಬಾರಿಯಾಗುತ್ತದೆ ಅನ್ನುವುದನ್ನು ಯಾವ ಬೆಳಿಗ್ಗೆ ಬೇಕಾದರೂ ಕೇಳಬಹುದು.

‘ಎಷ್ಟಪ್ಪಾ ದೂರ?’

‘ನೂರೈವತ್ತು ಸಾರ್. ಮುಂದೆ ನೀರಿದೆ.’

‘ಸೆವೆನ್ ಕೊಡು.’

‘ಐದು ತಗೊಳ್ಳಿ ಸಾರ್.’

‘ನೂರೈವತ್ತಕ್ಕೆ ನಂದು ಯಾವಾಗ್ಲೂ ಸೆವೆನ್ನೇ.’

‘ಆವಾಗ ಸಾರ್.’

ಚೆಂಡು ನೀರಿಗೆ ಬೀಳುತ್ತದೆ. ಕ್ಯಾಡಿ ಏನೂ ಹೇಳುವುದಿಲ್ಲ, ಚೀಲದಿಂದ ಇನ್ನೊಂದು ಚೆಂಡು ತೆಗೆದು ಕೊಡುತ್ತಾನೆ. ಕ್ಯಾಡಿಗಳ ಮಾತನ್ನು ತಳ್ಳಿಹಾಕುವ ಮುಂಚೆ ನೆನಪಿಡಬೇಕಾದ್ದು, 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿಯೇ ಆಟ ಕಲಿತವರು. ನಮ್ಮ ಕೋರ್ಸಿನ ಗ್ರೀನುಗಳಲ್ಲಿ ಹುಲ್ಲು ಯಾವ ಕಡೆ ಮಲಗಿದೆ, ಅದಕ್ಕೆ ಪಟ್ ಎಷ್ಟು ವಾಲುತ್ತದೆ ಅನ್ನುವುದು ಹತ್ತು ವರ್ಷ ಬಿಟ್ಟು ಬಂದವರಿಗಿಂತ ದಿನಾ ನಡೆಯುವವರಿಗೆ ಚೆನ್ನಾಗಿ ಗೊತ್ತು. ಬರ್ಮುಡಾ ಜಾತಿಯ ಹುಲ್ಲಿನಲ್ಲಿ ನಿಂತ ಜಾಗದಿಂದ ಗ್ರೀನ್ ಹೊಳೆಯುವಂತೆ ಕಂಡರೆ ಹುಲ್ಲು ಆಚೆ ಕಡೆ ಮಲಗಿದೆ, ಚೆಂಡು ಜೋರಾಗಿ ಓಡುತ್ತದೆ. ಮಂಕಾಗಿ ಕಂಡರೆ ಎದುರಾಗಿದೆ. ಇನ್ನೊಂದು ಸಂಗತಿ: ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ಚೆಂಡು ಶೇಕಡಾ ಮೂರು ನಾಲ್ಕರಷ್ಟು ಹೆಚ್ಚು ಹಾರುತ್ತದೆ. ಇಲ್ಲಿಯ ಲೆಕ್ಕ ಇಟ್ಟುಕೊಂಡು ಚೆನ್ನೈಗೋ ಮುಂಬೈಗೋ ಆಡಲು ಹೋದವರ ಚೆಂಡು ಗ್ರೀನಿಗೆ ಐದಾರು ಗಜ ಮೊದಲೇ ಬಿದ್ದರೆ ಅದು ವಯಸ್ಸಿನ ತಪ್ಪಲ್ಲ.

ಹೊಡೆತಗಳು ಎಲ್ಲಿ ಸೋರುತ್ತವೆ ಅನ್ನುವ ಪ್ರಶ್ನೆಗೆ ಈ ಎರಡು ದಶಕಗಳಲ್ಲಿ ಸಿಕ್ಕ ಉತ್ತರ ಹಳಬರ ನಂಬಿಕೆಯನ್ನು ತಲೆಕೆಳಗು ಮಾಡಿದೆ. ಡ್ರೈವ್ ಬರೀ ಶೋಕಿ, ದುಡ್ಡು ಬರುವುದು ಪಟ್ಟರಿನಿಂದ ಎಂದು ನಾವೆಲ್ಲ ಕೇಳಿಕೊಂಡು ಬೆಳೆದವರು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಸಾವಿರಾರು ಸುತ್ತುಗಳ ಒಂದೊಂದು ಹೊಡೆತವನ್ನೂ ಲೆಕ್ಕ ಹಾಕಿ, ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ ಎಂದು ತೋರಿಸಿದರು. ಅವರ ವಿಧಾನವನ್ನು ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಪಟಿಂಗ್ ಅಳೆಯಲು ಬಳಸತೊಡಗಿತು. 2014ರಲ್ಲಿ ಅವರ ಪುಸ್ತಕವೂ ಬಂತು. ಪಟ್ಟರ್ ಬಗ್ಗೆ ನಮಗಿರುವ ಭ್ರಮೆಯೂ ಅಲ್ಲಿ ಒಡೆಯುತ್ತದೆ. ಎಂಟು ಅಡಿಯ ಪಟ್ ತಪ್ಪಿದರೆ ನಾವು ಹಣೆ ಚಚ್ಚಿಕೊಳ್ಳುತ್ತೇವೆ. ಜಗತ್ತಿನ ಅತ್ಯುತ್ತಮ ವೃತ್ತಿಪರರೇ ಅದನ್ನು ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ತಪ್ಪಿಸುತ್ತಾರೆ.

ಇದನ್ನು ಓದಿದವರು ತಕ್ಷಣ ದೊಡ್ಡ ಡ್ರೈವರ್ ಕೊಳ್ಳಲು ಓಡಬೇಕಿಲ್ಲ. ನಮ್ಮ ಮಟ್ಟದಲ್ಲಿ ದೂರದ ಹೊಡೆತಗಳ ನಷ್ಟ ಬರುವುದು ಹತ್ತು ಗಜ ಕಡಿಮೆ ಹೋದದ್ದರಿಂದ ಅಲ್ಲ, ಗಡಿಯಾಚೆ ಹೋದ, ನೀರಿಗೆ ಬಿದ್ದ, ಮರದ ಬುಡದಲ್ಲಿ ಸಿಕ್ಕಿಕೊಂಡ ಚೆಂಡುಗಳಿಂದ. ಒಂದು ಸುತ್ತಿನಲ್ಲಿ ಅಂಥ ನಾಲ್ಕು ಹೊಡೆತಗಳಿದ್ದರೆ ಏಳೆಂಟು ಅಂಕ ಅಲ್ಲೇ ಹೋಯಿತು. ಎರಡು ತೋಪುಗಳ ನಡುವಿನ ಕಿರಿದಾದ ಫೇರ್‌ವೇಯಲ್ಲಿ ಡ್ರೈವರ್ ಒಳಗಿಟ್ಟು ಹೈಬ್ರಿಡ್ ತೆಗೆಯುವವನು, ಮರಗಳ ಸಂದಿಯಿಂದ ಸಾಹಸ ಮಾಡದೆ ಪಕ್ಕಕ್ಕೆ ಹೊರತಳ್ಳುವವನು ಸ್ವಿಂಗ್ ಒಂದಿಷ್ಟೂ ಬದಲಾಯಿಸದೆ ಸುಧಾರಿಸಿರುತ್ತಾನೆ. ದೂರ ಇಲ್ಲದೆ ಆಡುವುದು ಹೇಗೆ ಎಂದು ನೋಡಬೇಕಿದ್ದರೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೈವ್‌ನ ದೂರದಲ್ಲಿ ತೀರಾ ಹಿಂದಿದ್ದವರಲ್ಲಿ ಅವರೂ ಒಬ್ಬರು. ಆದರೂ ನಾಲ್ಕನೇ ಸ್ಥಾನಕ್ಕೆ ಬಂದರು, ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಅವರಂತೆ ಪಟ್ ಮಾಡುವುದು ನಮ್ಮಿಂದ ಆಗದ ಮಾತು. ಚೆಂಡನ್ನು ಆಟದೊಳಗೇ ಇಟ್ಟುಕೊಳ್ಳುವುದನ್ನಾದರೂ ಪ್ರಯತ್ನಿಸಬಹುದು.

ಅಭ್ಯಾಸದ ಬಗ್ಗೆ ಒಂದು ಮಾತು. ರೇಂಜಿನಲ್ಲಿ ಒಂದೇ ಕ್ಲಬ್ ಹಿಡಿದು ಒಂದೇ ಗುರಿಗೆ ಐವತ್ತು ಚೆಂಡು ಹೊಡೆದರೆ ಕೊನೆಯ ಇಪ್ಪತ್ತು ಚೆನ್ನಾಗಿ ಹೋಗುತ್ತವೆ. ಕಲಿತೆವು ಅನ್ನಿಸುತ್ತದೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಎಂಬ ಇಬ್ಬರು ಪ್ರಯೋಗಾಲಯದಲ್ಲಿ ಕೆಲವು ಕೈಚಲನೆಗಳನ್ನು ಎರಡು ರೀತಿ ಕಲಿಸಿ ನೋಡಿದರು. ಒಂದನ್ನೇ ಸಾಲಾಗಿ ಅಭ್ಯಾಸ ಮಾಡಿದವರು ಆ ಹೊತ್ತಿಗೆ ಮುಂದಿದ್ದರು, ಬೇರೆ ಬೇರೆಯನ್ನು ಬೆರೆಸಿ ಮಾಡಿದವರು ದಿನಗಳ ಮೇಲೆ ಪರೀಕ್ಷಿಸಿದಾಗ ಮುಂದಿದ್ದರು. ಗಾಲ್ಫ್ ಕೋರ್ಸಿನಲ್ಲಿ ಒಂದೇ ಹೊಡೆತ ಎರಡು ಸಲ ಬರುವುದಿಲ್ಲವಲ್ಲ. ಡ್ರೈವರ್, ಆಮೇಲೆ ಎಂಟನೇ ಐರನ್, ಆಮೇಲೆ ವೆಜ್ ಎಂದು ಮನಸ್ಸಿನಲ್ಲೇ ಒಂದೊಂದು ಹೋಲ್ ಆಡುತ್ತಾ ಹೊಡೆದರೆ ಬುಟ್ಟಿ ಬೇಗ ಮುಗಿಯುವುದಿಲ್ಲ, ಹೊಡೆತಗಳೂ ಅಷ್ಟು ಚಂದ ಬರುವುದಿಲ್ಲ. ನೋಡುವವರಿಗೆ ಕೆಟ್ಟ ಆಟಗಾರನಂತೆ ಕಾಣುತ್ತೀರಿ. ಕಾಣಲಿ.

ಮೈ ಎಷ್ಟು ತಡೆಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಹವ್ಯಾಸಿ ಗಾಲ್ಫರ್‌ಗಳಿಗೆ ಹೆಚ್ಚು ಪೆಟ್ಟಾಗುವುದು ಸೊಂಟದ ಮೇಲಿನ ಬೆನ್ನಿಗೆ, ಆಮೇಲೆ ಮೊಣಕೈಗೆ, ಮಣಿಕಟ್ಟಿಗೆ. ಕಾರಿನಿಂದ ಇಳಿದು ನೇರವಾಗಿ ಡ್ರೈವರ್ ಬೀಸುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಬಂದವರಿಗೆ ಇನ್ನೂ ಹೆಚ್ಚು. ಅಮೆರಿಕದ ಬೆನ್ ಹೋಗನ್ ಕಥೆಯನ್ನು ಛಲದ ಉದಾಹರಣೆಯಾಗಿ ಹೇಳುತ್ತಾರೆ. 1949ರ ಫೆಬ್ರುವರಿಯಲ್ಲಿ ಅವರ ಕಾರಿಗೆ ಬಸ್ಸು ಡಿಕ್ಕಿ ಹೊಡೆದು ಸೊಂಟ, ಕೊರಳೆಲುಬು, ಪಾದದ ಗಂಟು ಮುರಿದಿದ್ದವು, ಮತ್ತೆ ನಡೆದಾರೇ ಎಂಬ ಅನುಮಾನವಿತ್ತು. ಹದಿನಾರು ತಿಂಗಳ ಮೇಲೆ ಮೆರಿಯನ್‌ನಲ್ಲಿ ಅಮೆರಿಕನ್ ಓಪನ್ ಗೆದ್ದರು. ನನಗೆ ಅದಕ್ಕಿಂತ ಹಿಡಿಸಿದ್ದು ಆಮೇಲಿನ ಭಾಗ. ಕಾಲು ತಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಮೊದಲಿನಂತೆ ವರ್ಷವಿಡೀ ಆಡುವುದನ್ನೇ ಬಿಟ್ಟರು. 1953ರಲ್ಲಿ ಆಡಿದ್ದು ಆರೇ ಟೂರ್ನಿ, ಗೆದ್ದದ್ದು ಐದು, ಅದರಲ್ಲಿ ಮೂರು ಮೇಜರ್. ಆಯ್ದು ಆಡಿದರು, ಆಯ್ದದ್ದಕ್ಕೆ ತಯಾರಾಗಿ ಹೋದರು.

ಬಿಟ್ಟಿದ್ದ ವರ್ಷಗಳಲ್ಲಿ ನಿಯಮಗಳೂ ಬದಲಾಗಿವೆ, ಹೆಚ್ಚಿನವು ನಮ್ಮ ಅನುಕೂಲಕ್ಕೇ. 2019ರಿಂದ ಚೆಂಡನ್ನು ಭುಜದ ಎತ್ತರದಿಂದಲ್ಲ, ಮೊಣಕಾಲಿನ ಎತ್ತರದಿಂದ ಬಿಡಬೇಕು. ಬಾವುಟದ ಕೋಲು ಗುಳಿಯಲ್ಲಿರುವಾಗಲೇ ಪಟ್ ಮಾಡಬಹುದು. ಕಳೆದ ಚೆಂಡು ಹುಡುಕಲು ಐದು ನಿಮಿಷ ಇದ್ದದ್ದು ಮೂರಕ್ಕಿಳಿದಿದೆ, ಇದೊಂದು ಮಾತ್ರ ಕಣ್ಣು ಮಂಜಾದವರಿಗೆ ಅನ್ಯಾಯ.

ಹ್ಯಾಂಡಿಕ್ಯಾಪ್ ಲೆಕ್ಕವೂ ಬೇರೆಯಾಗಿದೆ. 2020ರಲ್ಲಿ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂತು. ಹಳೇ ಕಾರ್ಡಿನ 14 ಹಿಡಿದುಕೊಂಡು ಬಂದವರು ಅದನ್ನು ಪಕ್ಕಕ್ಕಿಟ್ಟು, ಒಟ್ಟು 54 ಹೋಲ್‌ಗಳ ಸ್ಕೋರ್ ಕೊಟ್ಟು ಹೊಸದನ್ನು ಪಡೆಯುವುದು ಒಳ್ಳೆಯದು. ಗೆಳೆಯರು ‘ಬಿಡಪ್ಪಾ, ಹೋಯ್ತು ಅಂದ್ಕೋ’ ಎಂದು ಎತ್ತಿಕೊಟ್ಟ ಮೂರಡಿಯ ಪಟ್‌ಗಳನ್ನೂ ಹೊಡೆದೇ ಬರೆದುಕೊಂಡರೆ ಅಂಕಿ ನಂಬುವಂತಿರುತ್ತದೆ. ಅದನ್ನು ಓದುವ ಕ್ರಮವೂ ಗೊತ್ತಿರಬೇಕು. ಕೊನೆಯ ಇಪ್ಪತ್ತು ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ ಅದು, ಎಲ್ಲ ಇಪ್ಪತ್ತರದಲ್ಲ. ಅಂದರೆ ಚೆನ್ನಾಗಿ ಆಡಿದ ದಿನ ನೀವು ಎಷ್ಟು ಹೊಡೆಯುತ್ತೀರಿ ಎಂದು ಹೇಳುತ್ತದೆಯೇ ಹೊರತು ಸಾಮಾನ್ಯವಾಗಿ ಎಷ್ಟು ಎಂದಲ್ಲ. ನಾಲ್ಕೈದು ಸಲಕ್ಕೆ ಒಮ್ಮೆ ಆ ಅಂಕಿಗೆ ತಕ್ಕ ಆಟ ಬಂದರೆ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥ. ಮಿಕ್ಕ ಭಾನುವಾರಗಳಲ್ಲಿ ಅದಕ್ಕಿಂತ ಮೂರು ನಾಲ್ಕು ಹೊಡೆತ ಹೆಚ್ಚಾಗುವುದು ಲೆಕ್ಕದೊಳಗೇ ಇದೆ, ಅದಕ್ಕಾಗಿ ರಾತ್ರಿ ಯೂಟ್ಯೂಬ್ ನೋಡುವ ಅಗತ್ಯವಿಲ್ಲ.